ಅಕ್ಕನಿಗೆ ತೋರಿಸಿದ ನಾಲ್ಕು ಸಮುದ್ರಗಳು

ಹದಿನಾಲ್ಕು ಜನ ಒಂದು ಹೋಟೆಲಿಗೆ ನುಗ್ಗಿ, ಇಡ್ಲಿ ತಿಂದು, ಕಾಫಿ ಕುಡಿದು, ಕೈ ತೊಳೆದು ಮತ್ತೆ ವ್ಯಾನು ಹತ್ತುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ನೀವು ಯಾವಾಗಲಾದರೂ ಯೋಚಿಸಿದ್ದೀರಾ? ನಾನು ಯೋಚಿಸಿದ್ದೇನೆ. ನಲವತ್ತು ನಿಮಿಷ. ಅದರಲ್ಲಿ ಒಬ್ಬರು ದೋಸೆ ಕೇಳಿದರೆ ಐವತ್ತೈದು. ಆದ್ದರಿಂದ ನಾನು ಹಾಕಿಕೊಡುವ ಪ್ರವಾಸಗಳಲ್ಲಿ ದೋಸೆಗೆ ಜಾಗವಿಲ್ಲ. ಬೇಕಾದವರು ಊರಿಗೆ ವಾಪಸು ಬಂದ ಮೇಲೆ ತಮ್ಮ ಮನೆಯಲ್ಲಿ ಹುಯ್ದುಕೊಂಡು ತಿನ್ನಬಹುದು.

ಇಂಥ ಮನುಷ್ಯನ ಜೊತೆ ಯಾರು ಪ್ರವಾಸ ಹೋಗುತ್ತಾರೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಬೀದಿಯೇ ಹೋಗುತ್ತದೆ. ಸೇಲಂನ ಮಗ್ಗದ ಬೀದಿ ನಮ್ಮದು. ಹೊಸಲಿನೊಳಗೆ ಕನ್ನಡ, ಹೊಸಲಿನಾಚೆ ತಮಿಳು. ಅಲ್ಲಿ ನನಗೆ ಪ್ಲಾನು ಮಾಮ ಎಂದು ಹೆಸರು. ಪುದುಚ್ಚೇರಿಗೆ ಹೋಗಬೇಕೆ, ತರಂಗಂಬಾಡಿಗೆ ಹೋಗಬೇಕೆ, ಯಾವ ಬೈಪಾಸಿನಲ್ಲಿ ಹೊರಳಬೇಕು, ಶೌಚಾಲಯ ಎಲ್ಲಿ ಚೊಕ್ಕಟವಾಗಿದೆ, ಯಾವ ದಂಡೆಯಲ್ಲಿ ನೆರಳಿದೆ, ಎಲ್ಲಿ ಅಲೆ ಕಾಲು ಸೆಳೆಯುತ್ತದೆ, ಎಲ್ಲವನ್ನೂ ನನ್ನನ್ನು ಕೇಳಿಕೊಂಡೇ ಜನ ಹೊರಡುತ್ತಾರೆ. ಕೇಳದೆ ಹೊರಟವರನ್ನೂ ನಾನು ತಡೆದು ನಿಲ್ಲಿಸಿ ಹೇಳಿ ಕಳಿಸುತ್ತೇನೆ.

ನಮ್ಮ ಊರವರಿಗೆ ಸಮುದ್ರದ ಹುಚ್ಚು ಇರುವುದು ಸಹಜ. ಕಣ್ಣೆತ್ತಿದರೆ ಏರ್ಕಾಡು ಬೆಟ್ಟ, ಮೋಟಾರು ಬೈಕು ತಿರುಗಿಸಿದರೆ ಹೊಗೇನಕಲ್ಲು. ಹುಟ್ಟಿದಾಗಿನಿಂದ ಬೆಟ್ಟ ನೋಡಿ ಹೊಳೆ ನೋಡಿ ಸಾಕಾಗಿರುತ್ತದೆ. ಸಮುದ್ರ ಮಾತ್ರ ಐದು ತಾಸು ದೂರ. ಹೋಗುವುದಕ್ಕೆ ಐದು, ಬರುವುದಕ್ಕೆ ಐದು, ನಡುವೆ ಉಳಿದಷ್ಟೇ ನಮ್ಮ ಪಾಲಿನ ಸಮುದ್ರ. ಅಲ್ಲೇ ಒಂದು ರಾತ್ರಿ ತಂಗಬಾರದೆ ಎಂದು ನೀವು ಕೇಳುತ್ತೀರಿ. ತಂಗುವಂತಿಲ್ಲ, ಯಾಕೆಂದರೆ ನಮಗೆ ರಜೆ ಒಂದೇ ದಿನ, ಅದು ಅಮಾವಾಸ್ಯೆ.

ಅಮಾವಾಸ್ಯೆ ದಿನ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಲಾಳಿಗೆ ಕುಂಕುಮ ಇಟ್ಟು ಸುಮ್ಮನಿರುತ್ತೇವೆ. ಇದಕ್ಕೆ ಹಿರಿಯರು ಒಬ್ಬೊಬ್ಬರು ಒಂದೊಂದು ಪುರಾಣ ಹೇಳುತ್ತಾರೆ. ನನ್ನ ಗುಮಾನಿ ಏನೆಂದರೆ, ಹಿಂದೆ ಯಾರೋ ಒಬ್ಬ ಬುದ್ಧಿವಂತ ನೇಕಾರ ಬೆನ್ನು ನೋವು ತಡೆಯಲಾರದೆ ದೇವರ ಹೆಸರು ಹೇಳಿ ತಿಂಗಳಿಗೊಂದು ದಿನ ಗಿಟ್ಟಿಸಿಕೊಂಡಿರಬೇಕು. ಕರ್ನಾಟಕದ ನೆಂಟರಿಗೆ ನಾವು ಅಮಾವಾಸ್ಯೆಯ ದಿನವೇ ಪ್ರವಾಸ ಹೊರಡುತ್ತೇವೆಂದರೆ ಗಾಬರಿ. ಅಂಥ ದಿನ ಯಾರಾದರೂ ಪ್ರಯಾಣ ಮಾಡುತ್ತಾರೆಯೇ ಎನ್ನುತ್ತಾರೆ. ಈ ಸೀಮೆಯಲ್ಲಿ ಅಮಾವಾಸ್ಯೆ ಒಳ್ಳೆಯ ದಿನ. ಹೊಸ ಅಂಗಡಿ ತೆರೆಯುತ್ತಾರೆ, ಹೊಸ ಗಾಡಿ ಓಡಿಸುತ್ತಾರೆ. ನಾವು ಮಾತನ್ನು ಕನ್ನಡದಲ್ಲಿ ಉಳಿಸಿಕೊಂಡು ಅಮಾವಾಸ್ಯೆಯನ್ನು ತಮಿಳಿನಿಂದ ತೆಗೆದುಕೊಂಡಿದ್ದೇವೆ. ಇದರಿಂದ ಈವರೆಗೆ ವ್ಯಾನಿನ ಚಕ್ರ ಎರಡು ಸಲ ಪಂಕ್ಚರ್ ಆದದ್ದು ಬಿಟ್ಟರೆ ಬೇರೆ ಕೇಡೇನೂ ಆಗಿಲ್ಲ.

ನಾನು ನೇಯುವವನಲ್ಲ, ನೇಯುವವರಿಗೆ ಡಿಸೈನು ಬರೆದುಕೊಡುವವನು. ಗ್ರಾಫ್ ಕಾಗದದ ಮೇಲೆ ಪುಟ್ಟ ಪುಟ್ಟ ಚೌಕಗಳಿಗೆ ಬಣ್ಣ ತುಂಬಿ ಹೂವು, ನವಿಲು, ಮಾವಿನಕಾಯಿ ಮೂಡಿಸುವುದು ನನ್ನ ಕಸುಬು. ಒಂದು ಚೌಕಕ್ಕೆ ಒಂದು ಎಳೆ. ಅದನ್ನು ನೋಡಿ ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆಯುತ್ತಾರೆ. ಪಟ್ಟಿಗಳನ್ನು ಸರದ ಹಾಗೆ ಕಟ್ಟಿ ಮಗ್ಗದ ಮೇಲೆ ಏರಿಸಿದರೆ ಅವು ಒಂದೊಂದಾಗಿ ಇಳಿಯುತ್ತಾ, ಮತ್ತೆ ಮೊದಲಿನಿಂದ ಸುತ್ತುತ್ತಾ ಸೀರೆಗೆ ಹೂವು ಬಿಡುತ್ತವೆ. ಈ ಕಸುಬಿನಲ್ಲಿ ಯಾರೂ ಬರೀ ಕಾಗದದಿಂದ ಶುರು ಮಾಡುವುದಿಲ್ಲ. ಹಳೇ ಹಾಳೆ ತೆಗೆ, ಅಂಚು ಬದಲಿಸು, ನವಿಲಿನ ಜಾಗದಲ್ಲಿ ಹಂಸ ಕೂರಿಸು, ಉಳಿದದ್ದನ್ನು ಹಾಗೇ ಇಳಿಸು, ಇಷ್ಟೇ. ಹೊಸ ಡಿಸೈನು ಎಂದು ಅಂಗಡಿಯವರು ಮೆಚ್ಚುತ್ತಾರೆ.

ಪ್ರವಾಸವನ್ನೂ ನಾನು ಗ್ರಾಫ್ ಕಾಗದದ ಮೇಲೆಯೇ ಬರೆಯುತ್ತೇನೆ. ಅಡ್ಡಕ್ಕೆ ಹೊತ್ತು, ಒಂದು ಚೌಕಕ್ಕೆ ಐದು ನಿಮಿಷ. ಉದ್ದಕ್ಕೆ ಜನ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಪ್ರಯಾಣ ಹಸಿರು, ಊಟ ಹಳದಿ, ಸಮುದ್ರ ನೀಲಿ. ಯಾವ ಹೊತ್ತಿನಲ್ಲಿ ಯಾರು ಎಲ್ಲಿ ಏನು ಮಾಡುತ್ತಿರಬೇಕು ಎಂದು ಹಾಳೆ ನೋಡಿದರೆ ತಿಳಿಯುತ್ತದೆ. ಮಹಾಬಲಿಪುರದ ಹಾಳೆಯನ್ನು ನಮ್ಮ ಬೀದಿಯ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರು ಫೋನಿನಲ್ಲಿ ಫೋಟೋ ತೆಗೆದುಕೊಂಡರು. ಆ ದಿನ ನಾನು ಸ್ವಲ್ಪ ಎದೆ ಉಬ್ಬಿಸಿಕೊಂಡೇ ಓಡಾಡಿದೆ.

ಆರು ವರ್ಷದಲ್ಲಿ ನಮ್ಮ ಮನೆಯವರನ್ನು ನಾಲ್ಕು ಸಲ ಸಮುದ್ರಕ್ಕೆ ಕರೆದುಕೊಂಡು ಹೋಗಿದ್ದೇನೆ. ಪುದುಚ್ಚೇರಿ, ಮಹಾಬಲಿಪುರ, ಪೂಂಪುಹಾರು, ತರಂಗಂಬಾಡಿ. ನಾಲ್ಕಕ್ಕೂ ನನ್ನ ಅಕ್ಕ ಬಂದಿದ್ದಳು. ಅಕ್ಕನಿಗೆ ಈಗ ಅರವತ್ತೆಂಟು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ನಮ್ಮ ಮನೆಗೇ ಬಂದವಳು, ಹಿಂದಿನ ಕೋಣೆಯ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವಳು, ಇತ್ತೀಚೆಗೆ ಮಂಡಿ ಕೈಕೊಡುವವರೆಗೂ ಎದ್ದಿರಲಿಲ್ಲ. ನಾನು ಬರೆದ ಡಿಸೈನುಗಳನ್ನು ಮೊದಲು ನೇಯ್ದು ನೋಡುತ್ತಿದ್ದವಳು ಅವಳೇ. ಅಂಥ ಅಕ್ಕನನ್ನು ಮನೆಯಲ್ಲಿ ಬಿಟ್ಟು ಹೋಗದೆ ಪ್ರತಿ ಸಲವೂ ಕರೆದುಕೊಂಡು ಹೋದೆನೆಂಬುದು ನನ್ನ ದೊಡ್ಡ ಹೆಮ್ಮೆಯಾಗಿತ್ತು. ಧರ್ಮಪುರಿಯಲ್ಲಿ ನೆಂಟರ ಮದುವೆಯೊಂದರಲ್ಲಿ ಊಟದ ಸಾಲಿನಲ್ಲಿ ಕೂತು, ಹತ್ತು ಜನ ಕೇಳುವ ಹಾಗೆ, ನಮ್ಮಕ್ಕನಿಗೆ ನಾಲ್ಕು ಸಮುದ್ರ ತೋರಿಸಿದ್ದೇನೆ ಎಂದು ಹೇಳಿದ್ದೆ. ಸಮುದ್ರ ಇರುವುದೇ ಒಂದಲ್ಲವೇ ಎಂದು ಯಾರೋ ತಕರಾರು ತೆಗೆದರು. ನನ್ನ ಪಕ್ಕದ ಎಲೆಗೆ ಕೂತಿದ್ದ ಅಕ್ಕ, ಹೌದು, ತೋರಿಸಿದ್ದಾನೆ ಎಂಬಂತೆ ತಲೆಯಾಡಿಸಿ ಪಾಯಸಕ್ಕೆ ಕೈ ಹಾಕಿದಳು. ಅವಳು ಹಾಗೆ ತಲೆಯಾಡಿಸಿದ್ದು ಈಗ ನೆನಪಾದರೆ ಕೂತಲ್ಲಿಂದ ಎದ್ದು ಹೋಗಬೇಕೆನ್ನಿಸುತ್ತದೆ.

ಹೋದ ವರ್ಷ ಮಗನಿಗೆ ಮದುವೆಯಾಯಿತು. ಸೊಸೆ ಕಡಯಂಪಟ್ಟಿಯ ಕಡೆಯವಳು, ಕುರಿ ಮೇಯಿಸುವ ಹೊಲದ ಮನೆಯಿಂದ ಬಂದವಳು, ಸಮುದ್ರವನ್ನು ಟಿವಿಯಲ್ಲಿ ಬಿಟ್ಟರೆ ಕಂಡಿರಲಿಲ್ಲ. ಅವಳಿಗಾಗಿ ಐದನೇ ಪ್ರವಾಸ ಎಂದು ಹೇಳಿ ನಾನು ಹಳೇ ಹಾಳೆ ಹರಡಿಕೊಂಡು ಪೆನ್ಸಿಲು ಹಿಡಿದು ಕೂತೆ. ಬಾಗಿಲ ಬಳಿ ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಸೊಸೆ ಅವಳ ಪಕ್ಕ ಕೂತು, ನೀವಾದರೆ ನಾಲ್ಕು ಸಲ ಹೋದವರು, ಸಮುದ್ರದ ನೀರು ತಣ್ಣಗಿರುತ್ತದೋ ಬೆಚ್ಚಗಿರುತ್ತದೋ, ಸೀರೆಯಲ್ಲಿ ಇಳಿಯಬಹುದೋ ಎಂದು ವಿಚಾರಿಸಿದಳು.

“ನಂಗೇನ್ ಗೊತ್ತವ್ವಾ,” ಎಂದಳು ಅಕ್ಕ. “ನಾ ಕಂಡಿದ್ದು ವ್ಯಾನು. ಸದ್ದು ಕೇಳೀನಿ. ಸದ್ದು ಚೆನ್ನಾಗೈತೆ.”

ಸೊಸೆ ತಮಾಷೆಯೆಂದುಕೊಂಡು ನಕ್ಕಳು. ಅಕ್ಕ ಅವರೆಕಾಯಿ ಸುಲಿಯುತ್ತಲೇ ಇದ್ದಳು. ನಾನು ಹಾಳೆ ನೋಡಿದೆ. ಮೇಲಿನಿಂದ ಮೂರನೇ ಸಾಲು ಅಕ್ಕನದು. ಹಸಿರು, ಹಳದಿ, ಹಸಿರು. ಎಲ್ಲರ ಸಾಲಿನಲ್ಲಿ ನೀಲಿ ತುಂಬಿದ ಹೊತ್ತಿನಲ್ಲಿ ಅವಳ ಸಾಲಿನಲ್ಲಿ ಬೂದು ಬಣ್ಣ, ಅದರೊಳಗೆ ನನ್ನದೇ ಚೊಕ್ಕ ಅಕ್ಷರದಲ್ಲಿ ಎರಡು ಪದ: ಚೀಲ, ಚಪ್ಪಲಿ.

ಪೆಟ್ಟಿಗೆಯಿಂದ ಉಳಿದ ಹಾಳೆಗಳನ್ನೂ ತೆಗೆದೆ. ಪುದುಚ್ಚೇರಿ: ಚೀಲ, ಚಪ್ಪಲಿ. ಮಹಾಬಲಿಪುರ: ಚೀಲ, ಚಪ್ಪಲಿ. ಆಗ ನೆನಪಾಯಿತು. ಮೊದಲನೇ ಸಲ ಪುದುಚ್ಚೇರಿಗೆ ಹೋಗುವ ಹಿಂದಿನ ದಿನ ಅಕ್ಕನ ಅಂಗಾಲಿಗೆ ಗಾಜು ಚುಚ್ಚಿ ಕಟ್ಟು ಹಾಕಿತ್ತು. ಉಪ್ಪು ನೀರು ತಾಕಿಸಬಾರದೆಂದು ಡಾಕ್ಟರು ಹೇಳಿದ್ದರು. ನಾನು ಕುಳಿತಿರ್ತೀನಿ, ನಿಮ್ಮ ಸಾಮಾನು ನನ್ನ ಹತ್ತಿರ ಬಿಟ್ಟು ಹೋಗಿ ಎಂದು ಅವಳೇ ಅಂದಿದ್ದಳು. ವ್ಯಾನು ನಿಂತದ್ದು ದಂಡೆಗೆ ದೂರ, ಸರ್ವೆ ತೋಪಿನ ಈಚೆ. ಅಲ್ಲಿಗೆ ಸಮುದ್ರ ಕಾಣುವುದಿಲ್ಲ; ಮುಂದೆ ಉಳಿದ ಮೂರು ಊರುಗಳಲ್ಲೂ ವ್ಯಾನು ನಿಂತದ್ದು ಅಂಥ ಜಾಗದಲ್ಲೇ. ಗಾಜಿನ ಗಾಯ ಹದಿನೈದು ದಿನದಲ್ಲಿ ಮಾಯಿತು. ಹಾಳೆಯಲ್ಲಿ ಮಾಯಲಿಲ್ಲ. ಎರಡನೇ ಸಲ ನಾನು ಹಳೇ ಹಾಳೆ ತೆಗೆದು ಊರಿನ ಹೆಸರು ಬದಲಿಸಿದೆ, ಹೊತ್ತು ಬದಲಿಸಿದೆ, ಇಡ್ಲಿಯ ಜಾಗ ಬದಲಿಸಿದೆ. ಜನರ ಸಾಲುಗಳನ್ನು ಹಾಗೇ ಇಳಿಸಿದೆ. ರಟ್ಟಿನಲ್ಲಿ ಒಂದು ತೂತು ತಪ್ಪಿದರೆ ಸೀರೆಯುದ್ದಕ್ಕೂ ಪ್ರತಿ ಹೂವಿನಲ್ಲೂ ಅದೇ ಜಾಗದಲ್ಲಿ ತಪ್ಪು ಬೀಳುತ್ತದೆ, ಆದ್ದರಿಂದ ಎರಡು ಸಲ ನೋಡಿ ಎಂದು ಹುಡುಗರಿಗೆ ಪಾಠ ಹೇಳುವವನು ನಾನು.

ಮೊದಲನೇ ಸಲಕ್ಕೆ ಗಾಜು ಕಾರಣ. ಉಳಿದ ಮೂರು ಸಲಕ್ಕೆ ಕಾರಣ ಹುಡುಕಿದರೆ ಹಾಳೆಯನ್ನು ದೂರಿ ತಪ್ಪಿಸಿಕೊಳ್ಳಬಹುದು ಎಂದು ಒಂದೆರಡು ದಿನ ಪ್ರಯತ್ನಿಸಿದೆ. ಆಗಲಿಲ್ಲ. ನಾವೆಲ್ಲ ನೀರಿನಿಂದ ವಾಪಸು ಬಂದಾಗ ಅಕ್ಕ ವ್ಯಾನಿನ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರ ಚಪ್ಪಲಿಯನ್ನು ಜೋಡಿ ಮಾಡಿ ಎತ್ತಿಕೊಡುತ್ತಿದ್ದಳು. ಎಲ್ಲ ಹೆಂಗಸರ ಸೀರೆಯಂಚು ಒದ್ದೆ, ಮರಳು ಮೆತ್ತಿರುತ್ತಿತ್ತು. ಅಕ್ಕನ ಅಂಚು ಒಣಗಿರುತ್ತಿತ್ತು. ಸೀರೆಯ ಅಂಚು ನೋಡಿ ಮೂವತ್ತೈದು ವರ್ಷ ಅನ್ನ ತಿಂದವನಿಗೆ ಅದು ಕಾಣಲಿಲ್ಲವೆಂದರೆ ನೀವು ನಂಬುತ್ತೀರಾ? ಕಂಡಿರಬೇಕು. ಸಾಮಾನು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು, ಒಬ್ಬರು ಸಿಕ್ಕಿದ್ದರು, ಅದರಿಂದ ನನ್ನ ಹಾಳೆ ಅಂದವಾಗಿ ಮುಗಿಯುತ್ತಿತ್ತು. ಅಷ್ಟಕ್ಕೇ ಕಣ್ಣು ಮುಚ್ಚಿಕೊಂಡೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದು ನಮ್ಮಲ್ಲಿ ಒಂದು ಗಾದೆ ಇದೆ. ಹೊಸದಾಗಿ ಊರಿಗೆ ಬಂದ ಸೊಸೆಯನ್ನು ನೋಡುವ ಆತುರ ಯಾಕೆ, ಬಾವಿಯ ಹತ್ತಿರ ನೀರಿಗೆ ಬಂದೇ ಬರುತ್ತಾಳೆ, ಆಗ ನೋಡಿಕೊಳ್ಳಿ ಎಂದು ಅರ್ಥ. ಗಾದೆ ಮಾಡಿದವರು ನನ್ನಂಥ ತಮ್ಮನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾಲ್ಕು ಊರಿಗೆ ಬಂದ ಅಕ್ಕನನ್ನು ನಾಲ್ಕು ಸಲವೂ ನೀರಿಗೆ ಬಾರದ ಹಾಗೆ ಮಾಡಿದ ಯೋಜನೆ ನನ್ನದು.

ಮೂರನೇ ದಿನ ಅಕ್ಕನ ಹತ್ತಿರ ಹೋಗಿ ಕೂತೆ. ಹಿತ್ತಲ ಕಟ್ಟೆಯ ಮೇಲೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ತಪ್ಪಾಯಿತು ಎನ್ನುವುದು ನಮ್ಮ ಮನೆಯ ಗಂಡಸರಿಗೆ ರೂಢಿಯಿಲ್ಲ. ಅಪ್ಪನ ಬಾಯಲ್ಲಿ ಆ ಮಾತು ಯಾವತ್ತೂ ಕೇಳಿಲ್ಲ. ಅದಕ್ಕೇ ನಾನು ಸುತ್ತುಬಳಸಿ ಗಾಜಿನಿಂದ ಶುರು ಮಾಡಿ, ಹಾಳೆ, ಸಾಲು, ಬೂದು ಬಣ್ಣ ಎಂದೆಲ್ಲ ವಿವರಿಸಿ, ಕೊನೆಗೆ ಅವಳ ಮೇಲೆಯೇ ಹಾಕಿದೆ. ಸೀರೆಯಲ್ಲಿ ಒಂದೇ ಒಂದು ಎಳೆ ತಪ್ಪಿದರೂ ಮಗ್ಗ ನಿಲ್ಲಿಸಿ ಬೀದಿಗೆ ಕೇಳುವ ಹಾಗೆ ನನ್ನನ್ನು ಕೂಗುತ್ತಿದ್ದವಳು, ಇದರ ಬಗ್ಗೆ ನಾಲ್ಕು ಸಲವೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

ಅಕ್ಕ ಎಣ್ಣೆ ಬಟ್ಟಲು ಮುಚ್ಚಿಟ್ಟಳು. “ಅದು ಉಟ್ಕಳೋರ್ ಸೀರೆ ಕಣ್ಲಾ. ಅದ್ರಲ್ಲಿ ತಪ್ಪು ಬಿದ್ರೆ ಏಳ್ಲೇಬೇಕು. ಇದು ನಂದೊಬ್ಳದೇ ಅಲ್ವಾ. ಓಗ್ಲಿ ಅಂತ ಬುಟ್ಟೆ.”

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರಗಳು ತಯಾರಿದ್ದವು. ನಾಳೆಯೇ ಹೋಗೋಣ ಎಂದೆ. ನಾಳೆ ಅಮಾವಾಸ್ಯೆಯಲ್ಲವಲ್ಲ ಎಂದಳು. ಇಲ್ಲದಿದ್ದರೆ ಇರಲಿ ಎಂದೆ.

ನಾವಿಬ್ಬರೇ ಬಸ್ಸಿನಲ್ಲಿ ಹೊರಟೆವು. ವ್ಯಾನಿಲ್ಲ, ಹಾಳೆಯಿಲ್ಲ. ಸೊಸೆಯನ್ನು ಮಗ ಬೇರೆ ದಿನ ಕರೆದುಕೊಂಡು ಹೋಗುತ್ತೇನೆಂದ. ಅಪ್ಪನ ಯೋಜನೆ ಬೇಡವೆಂದು ಅವನು ಬಾಯಿಬಿಟ್ಟು ಹೇಳದಿದ್ದರೂ ನನಗೆ ತಿಳಿಯಿತು. ಹಾಳೆಯಿಲ್ಲದೆ ಹೊರಟ ನನಗೆ ಮೊದಲ ಒಂದು ತಾಸು ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಉಳುಂದೂರುಪೇಟೆಯ ಹತ್ತಿರ ಬಸ್ಸು ಊಟಕ್ಕೆ ನಿಂತಾಗ ಅಕ್ಕ ದೋಸೆ ಕೇಳಿದಳು. ದೋಸೆ ಬರುವುದಕ್ಕೆ ಹೊತ್ತಾಯಿತು. ಕಂಡಕ್ಟರು ಎರಡು ಸಲ ಶಿಳ್ಳೆ ಹಾಕಿದರೂ ಅಕ್ಕ ಕೊನೆಯ ತುಂಡನ್ನು ಚಟ್ನಿಯಲ್ಲಿ ನಿಧಾನವಾಗಿ ಅದ್ದಿ ತಿಂದಳು. ಬಸ್ಸು ನಮ್ಮನ್ನು ಬಿಟ್ಟು ಹೋಗಲಿಲ್ಲ. ಈ ವಿಷಯ ನನಗೆ ಹೊಸದು.

ಪುದುಚ್ಚೇರಿಯಲ್ಲಿಳಿದು ಆಟೋ ಹಿಡಿದು ಊರ ಹೊರಗಿನ ಮರಳು ದಂಡೆಗೆ ಹೋದೆವು. ನಾನು ಅವಳ ಕೈ ಹಿಡಿದಿದ್ದೆ. ಮರಳಿನಲ್ಲಿ ಮಂಡಿ ನೋವಿನವರು ನಡೆಯುವುದು ಎಷ್ಟು ಕಷ್ಟವೆಂಬುದನ್ನು ನಾನು ಯಾವ ಹಾಳೆಯಲ್ಲೂ ಬರೆದಿರಲಿಲ್ಲ. ನೀರಿನ ಅಂಚಿಗೆ ಬಂದು ಅಕ್ಕ ನಿಂತಳು. ಒಂದು ಅಲೆ ಬಂದು ಅವಳ ಪಾದ ಮುಚ್ಚಿ ಹೋಯಿತು, ಸೀರೆಯಂಚು ನೆನೆಯಿತು. ನಾನು ಅಭ್ಯಾಸಬಲದಿಂದ, ಎಷ್ಟು ಹೊತ್ತು ಇರೋಣ ಎಂದು ಕೇಳಿಬಿಟ್ಟೆ. ನೋಡಿ ಮುಗಿಯಲಿ ಎಂದಳು.

ಅದು ಬೇಗ ಮುಗಿಯಲಿಲ್ಲ. ನಿಂತು ಸಾಕಾಗಿ ಒದ್ದೆ ಮರಳಿನ ಮೇಲೆಯೇ ಕೂತಳು, ನಾನೂ ಕೂತೆ. ಅಕ್ಕ ಅಲೆಗಳನ್ನು ಮಗ್ಗದ ಹುಡುಗಿಯರ ಕೆಲಸ ಪರೀಕ್ಷಿಸುವ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ, ಬೆಳಗಿನಿಂದ ನೇಯ್ತಾನೇ ಐತೆ, ಒಂದು ಮೊಳ ಬಟ್ಟೆ ಬಂದಿಲ್ಲ ನೋಡು ಎಂದು ನಕ್ಕಳು. ನಾನೂ ನಕ್ಕೆ. ಮನಸ್ಸಿನ ಭಾರ ಇಳಿಯಿತೆಂದುಕೊಂಡೆ. ತಪ್ಪು ಮಾಡಿದೆ, ಒಪ್ಪಿಕೊಂಡೆ, ಸರಿಪಡಿಸಿದೆ, ಇನ್ನು ಧರ್ಮಪುರಿಯವರ ಮುಂದೆ ಇದನ್ನೂ ಒಂದು ಕತೆಯಾಗಿ ಹೇಳಬಹುದೆಂದು ಒಳಗೊಳಗೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ಮನುಷ್ಯನ ಜಂಬ ಎಷ್ಟು ಬೇಗ ಚಿಗುರುತ್ತದೆ ನೋಡಿ.

ಆಗ ಅಕ್ಕ ನೀರಿನ ಕಡೆಯಿಂದ ಕಣ್ಣು ತೆಗೆಯದೆ ಕೇಳಿದಳು. “ಸರೋಜಾನ ಕೇಳಿದೀಯೇನ್ಲಾ?”

ಸರೋಜ ನನ್ನ ಹೆಂಡತಿ. ಏನು ಕೇಳುವುದು ಎಂದೆ. ಅಕ್ಕ ಸೀರೆಯಂಚಿನ ಮರಳು ಕೊಡವಿಕೊಳ್ಳತೊಡಗಿದಳು. ವಾಪಸು ಬರುವ ಐದು ತಾಸೂ ನಾನು ಆ ಹಾಳೆಗಳಲ್ಲಿ ಎರಡನೇ ಸಾಲನ್ನು ನೆನಪಿಗೆ ತಂದುಕೊಳ್ಳುತ್ತಿದ್ದೆ. ಸರೋಜಳ ಸಾಲಿನಲ್ಲಿ ನೀಲಿ ಇತ್ತು, ಧಾರಾಳವಾಗಿಯೇ ಇತ್ತು. ಅಷ್ಟು ಧೈರ್ಯ ಸಿಕ್ಕಿತು. ಆದರೆ ನೀಲಿಯೊಳಗೆ ಸಣ್ಣ ಅಕ್ಷರದಲ್ಲಿ ನಾನೇನೋ ಬರೆದಿದ್ದೆ.

ಮರುದಿನ ಬೆಳಿಗ್ಗೆ ಸರೋಜ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ನೀನು ಸಮುದ್ರ ನೋಡಿದೀಯಾ ಎಂದು ಕೇಳಿದೆ. ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಕೇಳುವ ಪ್ರಶ್ನೆಯೇ ಅದು ಎಂಬಂತೆ ಅವಳು ನನ್ನ ಮುಖ ನೋಡಿದಳು.

“ನೋಡಿದೀನಲ್ಲ. ಮಕ್ಕಳು ಮರಿ ಯಾರಾದ್ರೂ ಮುಳುಗಿದ್ರೆ ಅಂತ ನೀವು ಎಣಿಸ್ತಾ ಇರು ಅಂದಿದ್ರಿ. ಅನ್ನೊಂದು ತಲೆ. ಎಣಿಸಿ ಮುಗಿಯೋಷ್ಟ್ರಲ್ಲಿ ಒಂದು ತಲೆ ಮುಳುಗ್ತಿತ್ತು, ಮತ್ತೆ ಮೊದ್ಲಿಂದ ಎಣಿಸ್ತಿದ್ದೆ. ತಲೆಗಳು ಗ್ಯಾಪಕ ಐತೆ. ನೀರು ಗ್ಯಾಪಕ ಇಲ್ಲ.”

ನೀಲಿಯೊಳಗಿನ ಸಣ್ಣ ಅಕ್ಷರ ಅದೇ: ಎಣಿಕೆ. ನಾಲ್ಕು ಸಮುದ್ರದ ಮುಂದೆ ನಿಂತು ಹನ್ನೊಂದು ತಲೆ ಎಣಿಸಿದವಳು. ನಾನು ಆ ಹೊತ್ತಿನಲ್ಲಿ ಪಕ್ಕದಲ್ಲೇ ವಾಚು ನೋಡುತ್ತಾ ನಿಂತಿದ್ದೆ. ನಾಚಿಕೆಯಾದಾಗ ಮಾತು ಹೆಚ್ಚಾಗುವ ಸ್ವಭಾವ ನನ್ನದು. ತರಂಗಂಬಾಡಿಯಲ್ಲಿ ಈಗ ಗಾಳಿ ಚೆನ್ನಾಗಿರುತ್ತದೆ, ಪೂಂಪುಹಾರಿನಲ್ಲಿ ಜನ ಕಮ್ಮಿ ಎಂದು ಶುರು ಮಾಡಿದವನು, ಹೇಗೋ ಬಾಯಿ ಕಟ್ಟಿಕೊಂಡು ಇಷ್ಟೇ ಕೇಳಿದೆ: ನಿನಗೆ ಎಲ್ಲಿಗೆ ಹೋಗಬೇಕು?

ರಾಟೆ ನಿಂತಿತು. ಸರೋಜ ಎಳೆಯನ್ನು ಬೆರಳಿನಲ್ಲಿ ಹಿಡಿದುಕೊಂಡೇ ಗೋಡೆ ನೋಡಿದಳು. ಯಾರೂ ಕೇಳಿರಲಿಲ್ಲ, ಆದ್ದರಿಂದ ತಾನೂ ಯೋಚಿಸಿಲ್ಲ, ಯೋಚಿಸಿ ಹೇಳುತ್ತೇನೆ ಎಂದಳು. ರಾಟೆ ಮತ್ತೆ ತಿರುಗಿತು.

ಇದಾಗಿ ಎರಡು ತಿಂಗಳಾಯಿತು. ಅವಳು ಇನ್ನೂ ಯೋಚಿಸುತ್ತಿದ್ದಾಳೆ. ನಾನು ಏನನ್ನೂ ಸೂಚಿಸದೆ ಕಾಯುತ್ತಿದ್ದೇನೆ; ಇಷ್ಟು ಕಷ್ಟದ ಕೆಲಸವನ್ನು ನಾನು ಈ ವಯಸ್ಸಿನವರೆಗೆ ಮಾಡಿರಲಿಲ್ಲ. ಮೊನ್ನೆ ಅನ್ನ ಬಡಿಸುತ್ತಾ, ರೈಲಿನಲ್ಲಿ ಕಿಟಕಿ ಪಕ್ಕ ಕೂತುಕೊಂಡು ಎಲ್ಲೂ ಇಳಿಯದೆ ಸುಮ್ಮನೆ ಹೋಗಿ ಸುಮ್ಮನೆ ಬರಬಹುದೇ ಎಂದು ಕೇಳಿದಳು. ಅವಳ ತವರು ಮೊರಪ್ಪೂರು. ಸ್ಟೇಷನ್ನಿನ ಪಕ್ಕದ ಮನೆಯಲ್ಲಿ ಹುಟ್ಟಿ, ಹೋಗುವ ರೈಲುಗಳನ್ನು ನೋಡುತ್ತಾ ಬೆಳೆದವಳು. ಆ ಲೈನಿನಲ್ಲಿ ಓಡುವ ಅಷ್ಟೂ ರೈಲುಗಳ ಹೊತ್ತು ನನಗೆ ಬಾಯಿಪಾಠ. ಯಾವುದರಲ್ಲಿ ಯಾವ ಕಡೆಯ ಕಿಟಕಿಗೆ ಬಿಸಿಲು ಬೀಳುವುದಿಲ್ಲ ಎಂಬುದೂ ಗೊತ್ತು. ಎಲ್ಲವೂ ನಾಲಗೆಯ ತುದಿಗೆ ಬಂದು ನಿಂತಿತು. ಅನ್ನದ ತುತ್ತಿನ ಜೊತೆ ಅದನ್ನೂ ನುಂಗಿಕೊಂಡು, ಹೋಗಬಹುದು ಎಂದೆ.